ಗಾಳಿ ದೋಣಿ ಮೆತ್ತಗಾದರೆ, ಅಡ್ಡಾದಿಡ್ಡಿ ಹೋದರೆ: ದೋಷ ಹುಡುಕುವ ಕ್ರಮ

ಗಾಳಿ ತುಂಬುವ ದೋಣಿ ಇಟ್ಟುಕೊಂಡವರ ದೂರು ಹೆಚ್ಚುಕಡಿಮೆ ಎರಡೇ. ರಾತ್ರಿ ಗಟ್ಟಿಯಾಗಿದ್ದ ದೋಣಿ ಬೆಳಿಗ್ಗೆ ಮೆತ್ತಗಾಗಿದೆ. ಇಲ್ಲವೇ, ಎಷ್ಟು ಹುಟ್ಟು ಹಾಕಿದರೂ ದೋಣಿ ನೆಟ್ಟಗೆ ಹೋಗುತ್ತಿಲ್ಲ. ಮೊದಲನೆಯದಕ್ಕೆ ತಕ್ಷಣ ಬರುವ ಮಾತು ‘ಪಂಕ್ಚರ್ ಆಗಿದೆ’. ಎರಡನೆಯದಕ್ಕೆ ‘ಈ ದೋಣಿನೇ ಸರಿ ಇಲ್ಲ’. ಎರಡನ್ನೂ ಅಷ್ಟು ಬೇಗ ಒಪ್ಪಬೇಡಿ. ಒಳಗಿನ ಗಾಳಿ ತಣ್ಣಗಾದರೂ ದೋಣಿ ಮೆತ್ತಗಾಗುತ್ತದೆ. ವಾಲ್ವಿನಲ್ಲಿ ಒಂದು ಕಾಳು ಮರಳು ಕೂತರೂ ಮೆತ್ತಗಾಗುತ್ತದೆ. ಹುಟ್ಟು ಗಿಡ್ಡವಾದರೂ ದೋಣಿ ಅತ್ತಿತ್ತ ಮೂತಿ ತಿರುಗಿಸುತ್ತದೆ.

ಹಾಗಾಗಿ ದೋಷ ಹುಡುಕುವಾಗ ಒಂದು ಕ್ರಮ ಇಟ್ಟುಕೊಳ್ಳಿ. ದುಡ್ಡು ಖರ್ಚಾಗದ ಪರೀಕ್ಷೆಗಳು ಮೊದಲು, ಅಂಟು ಕೊನೆಗೆ. ಬೇಡದ ಕಡೆ ಹಚ್ಚಿದ ಅಂಟನ್ನು ಕೆರೆದು ತೆಗೆಯುವುದು ತೂತು ಮುಚ್ಚುವುದಕ್ಕಿಂತ ದೊಡ್ಡ ಕೆಲಸ.

ಒತ್ತಡ ಎಷ್ಟಿರಬೇಕು?

ದೋಣಿಯ ಮೇಲೆ, ಸಾಮಾನ್ಯವಾಗಿ ಹಿಂಬದಿಯಲ್ಲೋ ವಾಲ್ವಿನ ಪಕ್ಕದಲ್ಲೋ, ಒಂದು ಪಟ್ಟಿ ಅಂಟಿಸಿರುತ್ತಾರೆ. ಎಷ್ಟು ಜನ ಕೂರಬಹುದು, ಎಷ್ಟು ಭಾರ ಹೊರುತ್ತದೆ, ಎಷ್ಟು ಒತ್ತಡ ತುಂಬಬೇಕು ಎಂದು ಅದರಲ್ಲಿ ಇರುತ್ತದೆ. ಒತ್ತಡವನ್ನು ಪಿಎಸ್‌ಐ (ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಎಂಬ ಲೆಕ್ಕ) ಇಲ್ಲವೇ ಬಾರ್ ಲೆಕ್ಕದಲ್ಲಿ ಬರೆದಿರುತ್ತಾರೆ. 1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ.

ಬಟ್ಟೆಯ ಬಲ ಇರುವ ಗಟ್ಟಿ ದೋಣಿಗಳ ಪಕ್ಕದ ಟ್ಯೂಬಿಗೆ ಹೆಚ್ಚಾಗಿ 2.5ರಿಂದ 3.5 ಪಿಎಸ್‌ಐ ಸಾಕು. ಒಳಗೆ ಸಾವಿರಾರು ದಾರಗಳಿಂದ ಮೇಲು-ಕೆಳಗಿನ ಪದರಗಳನ್ನು ಹಿಡಿದು ಕಟ್ಟಿದ ಚಪ್ಪಟೆ ನೆಲ ಇರುತ್ತದಲ್ಲ, ಡ್ರಾಪ್ ಸ್ಟಿಚ್ ಅನ್ನುತ್ತಾರೆ, ಅದಕ್ಕೆ 8ರಿಂದ 10 ಪಿಎಸ್‌ಐ ಬೇಕಾಗುತ್ತದೆ. ಆಟಿಕೆಯಂಥ ತೆಳು ವಿನೈಲ್ ದೋಣಿಗಳು 1 ಪಿಎಸ್‌ಐ ಕೂಡ ಕೇಳುವುದಿಲ್ಲ. ಒಂದೇ ದೋಣಿಯಲ್ಲಿ ಟ್ಯೂಬಿಗೊಂದು, ನೆಲಕ್ಕೊಂದು ಲೆಕ್ಕ ಇರುವುದೂ ಉಂಟು. ಪಟ್ಟಿಯಲ್ಲಿ ಇರುವುದೇ ಕೊನೆಯ ಮಾತು.

ಹೆಬ್ಬೆರಳಿನಿಂದ ಒತ್ತಿ ‘ಗಟ್ಟಿ ಇದೆ’ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ವಾಲ್ವಿಗೆ ಹೊಂದುವ, ಕಡಿಮೆ ಒತ್ತಡ ಅಳೆಯುವ ಒಂದು ಗೇಜ್ ತೆಗೆದುಕೊಳ್ಳಿ. ಕಾರಿನ ಟೈರಿನ ಗೇಜ್ ಇಲ್ಲಿ ಕೆಲಸಕ್ಕೆ ಬಾರದು, 2-3 ಪಿಎಸ್‌ಐ ಅದರ ಮುಳ್ಳಿಗೆ ಗೊತ್ತೇ ಆಗುವುದಿಲ್ಲ. ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ಕೂಡ ಬೇಡ. ಅದರ ಒತ್ತಡಕ್ಕೆ ಒಳಗಿನ ಗೋಡೆಗಳೂ ಜೋಡಣೆಗಳೂ ಕ್ಷಣದಲ್ಲಿ ಕಿತ್ತು ಬರಬಹುದು.

ಮೊದಲ ಅನುಮಾನ: ಬಿಸಿಲು ಮತ್ತು ನೀರು

ದೋಣಿ ತಾನಾಗೇ ಮೆತ್ತಗಾಯಿತು ಅಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಗಾಳಿ ಹಾಕಿದಾಗ ಎಷ್ಟು ಸೆಕೆ ಇತ್ತು, ಈಗ ಎಷ್ಟಿದೆ?

ಲೆಕ್ಕ ಹೀಗೆ. ಮಧ್ಯಾಹ್ನ 35 ಡಿಗ್ರಿಯಲ್ಲಿ 3 ಪಿಎಸ್‌ಐ ತುಂಬಿದಿರಿ ಅಂದುಕೊಳ್ಳಿ. ಹೊರಗಿನ ವಾತಾವರಣದ ಒತ್ತಡ ಸಮುದ್ರಮಟ್ಟದಲ್ಲಿ 14.7 ಪಿಎಸ್‌ಐ. ಅದನ್ನೂ ಸೇರಿಸಿದರೆ ಒಳಗಿನ ನಿಜವಾದ ಒತ್ತಡ 17.7. ಬೆಳಗಿನ ಜಾವಕ್ಕೆ ಗಾಳಿ 25 ಡಿಗ್ರಿಗೆ ಇಳಿದರೆ ಆ 17.7 ಸುಮಾರು 17.1 ಆಗುತ್ತದೆ. ಗೇಜಿನಲ್ಲಿ 2.4 ಕಾಣುತ್ತದೆ. ಐದರಲ್ಲೊಂದು ಪಾಲು ಒತ್ತಡ ಹೋಯಿತು, ಒಂದು ತೂತೂ ಇಲ್ಲದೆ! ಟ್ಯೂಬ್ ಕೂಡ ಸ್ವಲ್ಪ ಕುಗ್ಗುವುದರಿಂದ ನಿಜದಲ್ಲಿ ಇಳಿಕೆ ಇದಕ್ಕಿಂತ ತುಸು ಕಡಿಮೆ ಇರುತ್ತದೆ. ಆದರೂ ಕೈಗೆ ಮೆತ್ತಗೆ ಸಿಗುವಷ್ಟು ಇದ್ದೇ ಇರುತ್ತದೆ.

ದಡದಲ್ಲಿ ಬಿಸಿಲಿಗೆ ಗಾಳಿ ತುಂಬಿ ತಣ್ಣನೆ ನೀರಿಗೆ ಇಳಿಸಿದಾಗಲೂ ಇದೇ ಆಗುತ್ತದೆ. ಹತ್ತು-ಹದಿನೈದು ನಿಮಿಷ ನೀರಿನಲ್ಲಿ ಬಿಟ್ಟು, ಇನ್ನೊಂದಿಷ್ಟು ಪಂಪ್ ಹೊಡೆದು ಹೊರಡಿ. ಇದನ್ನು ಅಭ್ಯಾಸ ಮಾಡಿಕೊಂಡರೆ ಅರ್ಧ ದಾರಿಯಲ್ಲಿ ದೋಣಿ ಬಳುಕುವ ಪ್ರಸಂಗ ಬರುವುದಿಲ್ಲ.

ಉಲ್ಟಾ ಆಗುವುದು ಅಪಾಯ. 25 ಡಿಗ್ರಿಯಲ್ಲಿ 3 ಪಿಎಸ್‌ಐ ತುಂಬಿದ ದೋಣಿಯನ್ನು ದಡಕ್ಕೆ ಎಳೆದು ಊಟಕ್ಕೆ ಕೂತಿರಿ. ಬಿಸಿಲಿಗೆ ಒಳಗಿನ ಗಾಳಿ 45 ಡಿಗ್ರಿಗೆ ಏರಿದರೆ ಗೇಜು 4 ದಾಟುತ್ತದೆ. ಕಪ್ಪು, ಕಡು ನೀಲಿ ಬಣ್ಣದ ಟ್ಯೂಬುಗಳು ಇನ್ನೂ ಬೇಗ ಕಾಯುತ್ತವೆ. ನೆರಳಿಗೆ ಎಳೆಯಿರಿ. ನೆರಳಿಲ್ಲದಿದ್ದರೆ ಸ್ವಲ್ಪ ಗಾಳಿ ಬಿಡಿ.

ಇನ್ನೊಂದು ಮಾತು. ಹೊಸ ವಿನೈಲ್ ದೋಣಿ ಮೊದಲ ಸಲ ಗಾಳಿ ತುಂಬಿದಾಗ ಹಿಗ್ಗುತ್ತದೆ. ಅರ್ಧ ಗಂಟೆಯಲ್ಲಿ ಮೆತ್ತಗಾದರೆ ಅಂಗಡಿಗೆ ವಾಪಸ್ ಒಯ್ಯಬೇಡಿ, ಮತ್ತೆ ತುಂಬಿ ನೋಡಿ.

ಸರಿಯಾದ ಪರೀಕ್ಷೆ ಎಂದರೆ ಒಂದೇ ಉಷ್ಣತೆಯಲ್ಲಿ ಎರಡು ಸಲ ಅಳೆಯುವುದು. ನೆರಳಿನಲ್ಲಿ, ಮನೆಯೊಳಗಾದರೆ ಇನ್ನೂ ಒಳ್ಳೆಯದು, ಸಂಜೆ ಗಾಳಿ ತುಂಬಿ. ದೋಣಿಯಲ್ಲಿ ಬೇರೆ ಬೇರೆಯಾಗಿ ಗಾಳಿ ತುಂಬುವ ಕೋಣೆಗಳಿರುತ್ತವೆ, ಪ್ರತಿ ಕೋಣೆಯ ಒತ್ತಡ ಬರೆದಿಡಿ. ಮರುದಿನ ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಎಲ್ಲ ಕೋಣೆಗಳೂ ಒಂದೇ ಸಮನೆ ಚೂರೇ ಚೂರು ಇಳಿದಿದ್ದರೆ ಚಿಂತೆ ಬೇಡ, ಗೇಜ್ ಹಚ್ಚುವಾಗಲೇ ಸ್ವಲ್ಪ ಗಾಳಿ ಹೋಗಿರುತ್ತದೆ. ಒಂದೇ ಕೋಣೆ ಮಾತ್ರ ಇಳಿದಿದ್ದರೆ ಕಳ್ಳ ಅಲ್ಲೇ ಇದ್ದಾನೆ.

ವಾಲ್ವ್: ಹೆಚ್ಚಿನ ದೋಷ ಸಿಗುವ ಜಾಗ

ಟ್ಯೂಬು ಕೆರೆದು ಹುಡುಕುವ ಮೊದಲು ವಾಲ್ವಿನ ಮೇಲೆ ಗಮನ ಕೊಡಿ. ಪ್ರತಿ ಸಲ ಬಿಚ್ಚಿ, ಮುಚ್ಚಿ, ಪಂಪ್ ಸಿಕ್ಕಿಸಿ ತಿರುಗಿಸುವುದು ಇದನ್ನೇ. ದೋಣಿಯ ಮೈಯಲ್ಲಿ ಇಷ್ಟು ಕೈ ಓಡಾಡುವ ಜಾಗ ಬೇರೆ ಇಲ್ಲ.

ಗಟ್ಟಿ ದೋಣಿಗಳಲ್ಲಿ ಹೆಚ್ಚಾಗಿ ಸ್ಪ್ರಿಂಗ್ ವಾಲ್ವ್ ಇರುತ್ತದೆ. ಮುಚ್ಚಳ ತೆಗೆದರೆ ನಡುವೆ ಒಂದು ಪಿನ್ ಕಾಣುತ್ತದೆ. ಪಿನ್ ಮೇಲಿದ್ದರೆ ವಾಲ್ವ್ ಮುಚ್ಚಿದೆ, ಗಾಳಿ ಒಳಗೆ ಮಾತ್ರ ಹೋಗುತ್ತದೆ. ಒತ್ತಿ ಸ್ವಲ್ಪ ತಿರುಗಿಸಿದರೆ ಪಿನ್ ಕೆಳಗೆ ನಿಲ್ಲುತ್ತದೆ, ಗಾಳಿ ಹೊರಗೆ ಬರುತ್ತದೆ. ಪಂಪಿನ ಪೈಪು ಕಿತ್ತ ಕೂಡಲೇ ಬುಸ್ಸೆಂದು ಎಲ್ಲ ಗಾಳಿ ಹೋಯಿತಾ? ಪಿನ್ ಕೆಳಗೇ ನಿಂತಿದೆ, ಅಷ್ಟೇ. ಒತ್ತಿ ತಿರುಗಿಸಿ ಮೇಲಕ್ಕೆ ಬಿಡಿ.

ಪಿನ್ ಮೇಲಿದ್ದೂ ಸೋರುತ್ತಿದ್ದರೆ ಮುಚ್ಚಳ ತೆಗೆದಿಟ್ಟು ವಾಲ್ವಿನ ಬಾಯಿಗೆ ಸೋಪಿನ ನೀರು ಬಿಡಿ. ಈಗ ಕಣ್ಣು ಹತ್ತಿರ ತಂದು ನೋಡಿ. ಗುಳ್ಳೆ ಎಲ್ಲಿಂದ ಏಳುತ್ತಿದೆ? ನಡುವಿನ ಪಿನ್ನಿನ ಸುತ್ತ ಎದ್ದರೆ ಒಳಗಿನ ರಬ್ಬರ್ ತಟ್ಟೆ ಸರಿಯಾಗಿ ಕೂರುತ್ತಿಲ್ಲ. ವಾಲ್ವಿನ ಅಂಚು ಟ್ಯೂಬಿನ ಬಟ್ಟೆಗೆ ತಾಗುವ ಕಡೆ ಎದ್ದರೆ ವಾಲ್ವೇ ಸಡಿಲವಾಗಿದೆ. ಎರಡಕ್ಕೂ ಔಷಧಿ ಬೇರೆ ಬೇರೆ.

ರಬ್ಬರ್ ತಟ್ಟೆ ಕೂರದಿರಲು ಕಾರಣ ಹೆಚ್ಚಾಗಿ ಮರಳು, ಒಂದು ಕೂದಲು, ಒಣಗಿದ ಹುಲ್ಲಿನ ಎಳೆ. ಟಾರ್ಚ್ ಹಾಕಿ ಒಳಗೆ ಇಣುಕಿದರೆ ತಟ್ಟೆಯ ಅಂಚಿನಲ್ಲಿ ಸಣ್ಣ ಹೊಳಪಿನ ಕಾಳು ಸಿಕ್ಕಿಕೊಂಡಿರುವುದು ಕಾಣಬಹುದು. ಟ್ಯೂಬಿನಲ್ಲಿ ಗಾಳಿ ಇರುವಾಗಲೇ ಪಿನ್ನನ್ನು ನಾಲ್ಕೈದು ಸಲ ಪಟಪಟ ಒತ್ತಿ ಬಿಡಿ, ಮುಖ ಮಾತ್ರ ಪಕ್ಕಕ್ಕೆ ಇರಲಿ. ಹೊರಬರುವ ಗಾಳಿಯೇ ಕಸವನ್ನು ಒದ್ದು ತರುತ್ತದೆ. ಆಮೇಲೂ ನಿಲ್ಲದಿದ್ದರೆ ಗಾಳಿ ಇಳಿಸಿ, ಒದ್ದೆ ಹತ್ತಿಯಿಂದ ರಬ್ಬರಿನ ಅಂಚು ಒರೆಸಿ. ರಬ್ಬರ್ ಬಿರುಕು ಬಿಟ್ಟಿದ್ದರೆ, ಒಂದು ಕಡೆ ಸೊಟ್ಟಗಾಗಿದ್ದರೆ ವಾಲ್ವ್ ಬದಲಿಸಬೇಕು. ಎಣ್ಣೆ, ಗ್ರೀಸ್ ಹಾಕಲೇಬೇಡಿ. ಪೆಟ್ರೋಲಿಯಂ ಎಣ್ಣೆಗೆ ರಬ್ಬರ್ ಉಬ್ಬುತ್ತದೆ, ಜಿಡ್ಡಿಗೆ ಇನ್ನಷ್ಟು ಮರಳು ಅಂಟುತ್ತದೆ.

ವಾಲ್ವೇ ಸಡಿಲವಾಗಿದ್ದರೆ ಬಿಗಿ ಮಾಡಬೇಕು. ಈ ವಾಲ್ವುಗಳಲ್ಲಿ ಎರಡು ಭಾಗ. ಒಂದು ಹೊರಗೆ, ಇನ್ನೊಂದು ಟ್ಯೂಬಿನ ಒಳಗೆ, ನಡುವೆ ಬಟ್ಟೆ. ದೋಣಿಯ ಜೊತೆ ಹಲ್ಲಿರುವ ಪ್ಲಾಸ್ಟಿಕ್ ಸ್ಪಾನರ್ ಕೊಟ್ಟಿರುತ್ತಾರೆ. ಗಾಳಿ ಪೂರ್ತಿ ಇಳಿಸಿ, ಒಳಗಿನ ಭಾಗವನ್ನು ಬಟ್ಟೆಯ ಮೇಲಿಂದಲೇ ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಸ್ಪಾನರ್ ಬಲಕ್ಕೆ ತಿರುಗಿಸಿ. ಒಳಗಿನದನ್ನು ಹಿಡಿಯದೆ ತಿರುಗಿಸಿದರೆ ಎರಡೂ ಒಟ್ಟಿಗೆ ಸುತ್ತುತ್ತವೆ, ಬಟ್ಟೆ ಸುಕ್ಕಾಗಿ ಸೋರಿಕೆ ಜಾಸ್ತಿಯಾಗುತ್ತದೆ. ಬಿಗಿ ಮಾಡುವಾಗ ಅಂಚಿನಡಿ ಬಟ್ಟೆ ಮಡಚಿಲ್ಲ ಅಂತ ನೋಡಿಕೊಳ್ಳಿ.

ಅಗ್ಗದ ದೋಣಿಗಳಲ್ಲಿ ಬಾಸ್ಟನ್ ವಾಲ್ವ್ ಇರುತ್ತದೆ. ಇದರಲ್ಲಿ ಎರಡು ಮುಚ್ಚಳ. ಮೇಲಿನದು ತೆಗೆದು ಗಾಳಿ ಹಾಕುತ್ತೀರಿ, ಕೆಳಗಿನ ದಪ್ಪ ಭಾಗ ಬಿಚ್ಚಿ ಗಾಳಿ ಬಿಡುತ್ತೀರಿ. ಕೆಳಗಿನ ಭಾಗದ ತಿರುಪಿನ ಮರೆ ಓರೆಯಾಗಿ ಕೂತರೆ ಸದ್ದಿಲ್ಲದೆ ಸೋರುತ್ತದೆ. ಬಿಚ್ಚಿ, ವಾಶರ್ ಜಾಗದಲ್ಲಿದೆಯೇ ನೋಡಿ, ಮೊದಲು ಎಡಕ್ಕೆ ತಿರುಗಿಸಿ ಮರೆ ‘ಟಕ್’ ಎಂದು ಕೂತ ಮೇಲೆ ಬಲಕ್ಕೆ ಬಿಗಿ ಮಾಡಿ. ಒಳಗಿನ ತೆಳು ರಬ್ಬರ್ ಎಲೆ ಮಡಚಿಕೊಂಡಿದ್ದರೆ ಬೆರಳಿನಿಂದ ನೆಟ್ಟಗೆ ಮಾಡಿ.

ನೆಲದ ಕೋಣೆಗೆ ಕೆಲವು ದೋಣಿಗಳಲ್ಲಿ ಒತ್ತಡ ಜಾಸ್ತಿಯಾದರೆ ತಾನೇ ತೆರೆಯುವ ವಾಲ್ವ್ ಇರುತ್ತದೆ. ನೆಲ ಪ್ರತಿ ಸಲ ಒಂದೇ ಒತ್ತಡಕ್ಕೆ ಇಳಿದು ಅಲ್ಲಿಗೆ ನಿಂತರೆ ಅದು ದೋಷವಲ್ಲ, ವಾಲ್ವ್ ತನ್ನ ಕೆಲಸ ಮಾಡುತ್ತಿದೆ. ನಿಲ್ಲದೆ ಇಳಿಯುತ್ತಲೇ ಹೋದರೆ ಮಾತ್ರ ಅದರಲ್ಲಿ ಮರಳಿದೆ.

ಸೋಪಿನ ನೀರು

ವಾಲ್ವ್ ಸರಿಯಿದೆ, ಉಷ್ಣತೆಯ ಲೆಕ್ಕವೂ ಸರಿಹೋಯಿತು, ಆದರೂ ಗಾಳಿ ಇಳಿಯುತ್ತಿದೆ. ಈಗ ತೂತು ಹುಡುಕಿ.

ಒಂದು ಲೋಟ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಸ್ಪ್ರೇ ಬಾಟಲಿ ಇದ್ದರೆ ಅನುಕೂಲ, ಇಲ್ಲದಿದ್ದರೆ ಮೆತ್ತನೆ ಬ್ರಷ್. ಟ್ಯೂಬಿಗೆ ಪೂರ್ತಿ ಒತ್ತಡ ತುಂಬಿ. ಮೆತ್ತಗಿರುವ ಟ್ಯೂಬಿನಲ್ಲಿ ಸಣ್ಣ ತೂತು ಬಾಯಿ ಬಿಡುವುದೇ ಇಲ್ಲ. ಜೋರಾದ ಗಾಳಿಯಿಲ್ಲದ ಕಡೆ, ಒಂದೊಂದು ಮೊಳ ಹಚ್ಚಿ, ನಿಧಾನಕ್ಕೆ ನೋಡುತ್ತಾ ಹೋಗಿ.

ದೊಡ್ಡ ತೂತು ದೊಡ್ಡ ಗುಳ್ಳೆ ಬಿಡುತ್ತದೆ, ಕೂಡಲೇ ಗೊತ್ತಾಗುತ್ತದೆ. ಸೂಜಿಮೊನೆಯಂಥ ತೂತು ಹಾಗಲ್ಲ. ಒಂದೆರಡು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಬಿಳಿ ನೊರೆಯ ಒಂದು ಪುಟ್ಟ ಗುಡ್ಡೆ ಬೆಳೆಯುತ್ತದೆ, ಸಾಸಿವೆ ಕಾಳಿನಷ್ಟು. ಕೈಯಿಂದ ಒರೆಸಿ ಮತ್ತೆ ನೀರು ಬಿಟ್ಟರೆ ಅದೇ ಜಾಗದಲ್ಲಿ ಮತ್ತೆ ಹುಟ್ಟಿದರೆ ಖಾತ್ರಿ. ಬ್ರಷ್ ಆಡಿಸಿದ್ದಕ್ಕೆ ಎದ್ದ ನೊರೆ ಎರಡನೇ ಸಲ ಅದೇ ಜಾಗಕ್ಕೆ ಬರುವುದಿಲ್ಲ. ಸಿಕ್ಕ ಜಾಗಕ್ಕೆ ಆಗಲೇ ಪೆನ್ನಿನಿಂದ ಸುತ್ತು ಹಾಕಿ, ಒಣಗಿದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಒಂದು ಸಿಕ್ಕಿತೆಂದು ನಿಲ್ಲಿಸಬೇಡಿ, ಪೂರ್ತಿ ಸುತ್ತು ಮುಗಿಸಿ.

ಜೋಡಣೆಯ ಗೆರೆಗಳು, ಹಿಡಿಕೆ ಅಂಟಿಸಿದ ಜಾಗ, ಹಳೆಯ ಪ್ಯಾಚಿನ ಅಂಚು, ಮಡಚಿದಾಗ ಚೂಪಾಗಿ ಮುರಿಯುವ ಮೂಲೆಗಳು, ದಡಕ್ಕೆ ಉಜ್ಜುವ ಹೊಟ್ಟೆಯ ಭಾಗ, ಇವನ್ನು ಎರಡೆರಡು ಸಲ ನೋಡಿ. ಹಳೆಯ ದೋಣಿಯಲ್ಲಿ ಅಲ್ಲೊಂದು ಇಲ್ಲೊಂದು ಅಲ್ಲದೆ ಅಂಗೈ ಅಗಲದ ಜಾಗದ ತುಂಬಾ ಸಣ್ಣ ನೊರೆ ಎದ್ದರೆ ಬಟ್ಟೆಯೇ ಸವೆದಿದೆ. ಅದಕ್ಕೆ ಪ್ಯಾಚ್ ಉಪಯೋಗವಿಲ್ಲ.

ಸೋಪು ಎಲ್ಲೂ ಗುಳ್ಳೆ ತೋರಿಸಲಿಲ್ಲ, ಆದರೂ ಒಂದು ಕೋಣೆ ಇಳಿಯುತ್ತಿದೆ, ಪಕ್ಕದ್ದು ಬಿಗಿಯಾಗುತ್ತಿದೆ. ಆಗ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿದೆ. ಒಂದು ಕೋಣೆಗೆ ಅರ್ಧ ಒತ್ತಡ ಮಾತ್ರ ತುಂಬಿ, ಇನ್ನೊಂದನ್ನು ಖಾಲಿ ಮುಚ್ಚಿಡಿ. ಖಾಲಿ ಕೋಣೆ ತಾನಾಗೇ ಉಬ್ಬಿದರೆ ಸಂಶಯವಿಲ್ಲ. ಇದು ಮನೆಯಲ್ಲಿ ಮಾಡುವ ರಿಪೇರಿಯಲ್ಲ, ಆ ಕೆಲಸ ಗೊತ್ತಿರುವವರಿಗೇ ಕೊಡಿ. ಹಾಗೇ ನೀರಿಗೆ ಇಳಿಸುವುದಂತೂ ಬೇಡ. ಒಂದು ಕೋಣೆ ಹರಿದರೂ ಇನ್ನೊಂದು ತೇಲಿಸಲಿ ಎಂದೇ ಆ ಗೋಡೆ ಇರುವುದು. ಒಂದನ್ನು ಪೂರ್ತಿ ತುಂಬಿ ಆಮೇಲೆ ಇನ್ನೊಂದಕ್ಕೆ ಹೋಗುವುದರಿಂದಲೇ ಈ ಗೋಡೆಯ ಜೋಡಣೆಗೆ ಪೆಟ್ಟು ಬೀಳುತ್ತದೆ. ಎಲ್ಲ ಕೋಣೆಗೂ ಅರ್ಧರ್ಧ ತುಂಬಿ, ಮತ್ತೆ ಮೊದಲಿನಿಂದ ಪೂರ್ತಿ ಮಾಡಿ.

ಗಾಳಿ ಇಳಿದಿಲ್ಲ, ಒಳಗೆ ನೀರು ಬರುತ್ತಿದೆ

ಇದು ಬೇರೆ ದೋಷ, ಬೇರೆ ಹುಡುಕಾಟ. ಮೊದಲು ಹಿಂದಿನ ನೀರು ಬಿಡುವ ಬಿರಡೆ ನೋಡಿ. ಕೆಲವು ಕಯಾಕ್‌ಗಳಲ್ಲಿ (ಒಬ್ಬಿಬ್ಬರು ಕೂರುವ ಉದ್ದನೆಯ ದೋಣಿ) ನೆಲದಲ್ಲಿ ತಾನಾಗೇ ನೀರು ಹೋಗಲು ತೂತುಗಳಿರುತ್ತವೆ, ಶಾಂತ ನೀರಿನಲ್ಲಿ ಅವನ್ನು ಮುಚ್ಚದಿದ್ದರೆ ಅಲ್ಲಿಂದಲೇ ಒಳಗೆ ಬರುತ್ತದೆ. ಹುಟ್ಟಿನಿಂದ ತೊಟ್ಟಿಕ್ಕುವ ನೀರೇ ಒಂದು ಗಂಟೆಯಲ್ಲಿ ಕಾಲಡಿ ಕೊಳವಾಗುವುದೂ ಇದೆ.

ಇವು ಯಾವುದೂ ಅಲ್ಲದಿದ್ದರೆ ನೆಲ ಮತ್ತು ಟ್ಯೂಬ್ ಸೇರುವ ಗೆರೆ ಬಿಟ್ಟಿರಬೇಕು. ದೋಣಿಯನ್ನು ಎರಡು ಸ್ಟ್ಯಾಂಡಿನ ಮೇಲೋ ಬೆಂಚಿನ ಮೇಲೋ ಇಟ್ಟು, ಕೆಳಭಾಗ ಒಣಗಿಸಿ, ಒಳಗೆ ಒಂದೆರಡು ಬಕೆಟ್ ನೀರು ಸುರಿಯಿರಿ. ಅಡಿಯಲ್ಲಿ ಮೊದಲು ಒದ್ದೆಯಾಗುವ ಜಾಗವೇ ದೋಷ. ನೀರು ಗೆರೆಯುದ್ದಕ್ಕೂ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ, ಹಾಗಾಗಿ ಹನಿ ಬಿದ್ದ ಜಾಗವಲ್ಲ, ಮೊದಲು ಒದ್ದೆಯಾದ ಜಾಗ ಹಿಡಿಯಿರಿ.

ಪ್ಯಾಚ್ ಹಾಕುವುದು

ಅಂಟು ಕೊಳ್ಳುವ ಮೊದಲು ದೋಣಿ ಯಾವ ಬಟ್ಟೆಯದು ಅಂತ ಗೊತ್ತಿರಬೇಕು. ಪಿವಿಸಿಗೆ ಒಂದು ಅಂಟು, ಹೈಪಲಾನ್ ಎಂಬ ರಬ್ಬರ್ ಲೇಪದ ಬಟ್ಟೆಗೆ ಇನ್ನೊಂದು. ಅದಲುಬದಲಾದರೆ ಒಂದು ದಿನ ಹಿಡಿದಂತೆ ತೋರಿಸಿ ನೀರಿನಲ್ಲಿ ಬಿಟ್ಟುಕೊಡುತ್ತದೆ. ಪಿವಿಸಿ ನುಣುಪಾಗಿ ಸ್ವಲ್ಪ ಹೊಳೆಯುತ್ತದೆ, ಒಳಗೂ ಹೊರಗೂ ಒಂದೇ ಥರ. ಹೈಪಲಾನ್ ಮೇಲ್ಮೈ ಮಂಕಾಗಿ ರಬ್ಬರಿನಂತಿರುತ್ತದೆ, ಒಳಮೈ ಬೇರೆ ಥರ. ಕಾಣದ ಮೂಲೆಯಲ್ಲಿ ಸ್ಯಾಂಡ್ ಪೇಪರ್ ಉಜ್ಜಿದರೆ ಹೈಪಲಾನ್ ಪುಡಿ ಬಿಡುತ್ತದೆ, ಪಿವಿಸಿ ಬರೀ ಗೀರಾಗುತ್ತದೆ. ಹೈಪಲಾನ್ ಎಂಬ ಹೆಸರಿನಲ್ಲಿ ಆ ರಬ್ಬರ್ ಮಾಡುತ್ತಿದ್ದ ಡ್ಯುಪಾಂಟ್ ಕಂಪನಿ 2010ರಲ್ಲಿ ನಿಲ್ಲಿಸಿತು. ಅದೇ ಜಾತಿಯ ರಬ್ಬರನ್ನು ಬೇರೆಯವರು ಮಾಡುತ್ತಿದ್ದಾರೆ, ದೋಣಿಯವರ ಬಾಯಲ್ಲಿ ಹೈಪಲಾನ್ ಎಂಬ ಹೆಸರೇ ಉಳಿದಿದೆ. ಅಂಗಡಿಯಲ್ಲಿ ಸಿಎಸ್‌ಎಂ ಎಂದು ಬರೆದಿದ್ದರೆ ಅದೂ ಇದೇ.

ಪಿವಿಸಿಗೆ ಎರಡು ಭಾಗ ಬೆರೆಸುವ ಪಾಲಿಯುರೆಥೇನ್ ಅಂಟು, ಹೈಪಲಾನ್‌ಗೆ ಎರಡು ಭಾಗದ ನಿಯೋಪ್ರೀನ್ ಅಂಟು. ತೆಳು ವಿನೈಲ್ ಆಟಿಕೆ ದೋಣಿಗೆ ವಿನೈಲ್ ಸಿಮೆಂಟ್. ಸೈಕಲ್ ಟ್ಯೂಬಿನ ಸೊಲ್ಯೂಷನ್ ಪಿವಿಸಿಗೆ ಹಿಡಿಯುವುದಿಲ್ಲ. ಫೆವಿಕ್ವಿಕ್ ಥರದ ಅಂಟು ಗಾಜಿನಂತೆ ಗಟ್ಟಿಯಾಗಿ, ಬಟ್ಟೆ ಬಳುಕಿದ ಕೂಡಲೇ ಬಿರಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸಿಲಿಕೋನ್. ಅದು ತಾನೂ ಹಿಡಿಯುವುದಿಲ್ಲ, ಆ ಜಾಗಕ್ಕೆ ಆಮೇಲೆ ಸರಿಯಾದ ಅಂಟನ್ನೂ ಹಿಡಿಯಲು ಬಿಡುವುದಿಲ್ಲ.

ಪ್ಯಾಚನ್ನು ತೂತಿನ ಎಲ್ಲ ಕಡೆ 5 ಸೆಂ.ಮೀ ಹೊರಚಾಚುವಂತೆ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಚೌಕ ಮೂಲೆ ಮೊದಲು ಏಳುತ್ತದೆ. ಗಾಳಿ ಇಳಿಸಿ, ಟ್ಯೂಬನ್ನು ಸಮತಟ್ಟಾದ ಹಲಗೆಯ ಮೇಲೆ ಹಾಸಿ. ಪ್ಯಾಚ್ ಇಟ್ಟು ಪೆನ್ಸಿಲ್ ಗೆರೆ ಎಳೆಯಿರಿ. ಎರಡೂ ಮೈಯನ್ನು ನಯವಾದ ಸ್ಯಾಂಡ್ ಪೇಪರಿನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಒಳಗಿನ ನೂಲು ಕಂಡರೆ ಜಾಸ್ತಿಯಾಯಿತು. ಪಿವಿಸಿಯನ್ನು ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ಅಥವಾ ಅಸಿಟೋನ್‌ನಿಂದ, ಹೈಪಲಾನನ್ನು ಟಾಲುಯೀನ್‌ನಿಂದ ಒರೆಸಿ. ಇವೆಲ್ಲ ಬೇಗ ಬೆಂಕಿ ಹತ್ತಿಕೊಳ್ಳುವ ದ್ರವಗಳು, ಅವುಗಳ ಆವಿಯೂ ಕೆಟ್ಟದ್ದು. ಕಿಟಕಿ ತೆರೆದಿರಲಿ, ಕೈಗವಸು ಇರಲಿ, ಹತ್ತಿರ ಒಲೆ, ದೀಪ ಬೇಡ.

ಈಗ ಅಂಟು. ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ಮೇಲು. ಟ್ಯೂಬಿಗೂ ಪ್ಯಾಚಿಗೂ ಎರಡಕ್ಕೂ ಹಚ್ಚಬೇಕು. ಮೊದಲ ಪದರ ಒಣಗಲಿ. ಎರಡನೆಯದು ಹಚ್ಚಿ ಕಾಯಿರಿ, ಇಲ್ಲೇ ಅವಸರ ಮಾಡಿ ಕೆಲಸ ಕೆಡುವುದು. ಬೆರಳಿನ ಗೆಣ್ಣು ತಾಗಿಸಿದರೆ ಅಂಟಂಟು ಅನ್ನಿಸಬೇಕು, ಆದರೆ ಅಂಟು ಗೆಣ್ಣಿಗೆ ಬರಬಾರದು. ಆ ಹದಕ್ಕೆ ಬಂದಾಗ ಪ್ಯಾಚಿನ ಒಂದು ಅಂಚಿನಿಂದ ಶುರು ಮಾಡಿ, ಗಾಳಿ ಸಿಕ್ಕಿಕೊಳ್ಳದಂತೆ ಹೊರಳಿಸುತ್ತಾ ಕೂರಿಸಿ. ನಡುವಿನಿಂದ ಹೊರಕ್ಕೆ ರೋಲರ್‌ನಿಂದಲೋ ಚಮಚದ ಬೆನ್ನಿನಿಂದಲೋ ಬಲವಾಗಿ ಉಜ್ಜಿ. ತೂಕ ಇಟ್ಟು ಬಿಟ್ಟುಬಿಡಿ. ಕನಿಷ್ಠ 24 ಗಂಟೆ ಗಾಳಿ ತುಂಬಬೇಡಿ.

ಮಳೆಗಾಲದ ಒದ್ದೆ ಹವೆಯಲ್ಲಿ ಈ ಕೆಲಸಕ್ಕೆ ಕೂರಬೇಡಿ. ಅಂಟು ಒಣಗುವಾಗ ತಣ್ಣಗಾಗಿ ಅದರ ಮೇಲೆ ಕಾಣದಷ್ಟು ತೇವ ಕೂರುತ್ತದೆ, ಪ್ಯಾಚ್ ಅರ್ಧಂಬರ್ಧ ಹಿಡಿಯುತ್ತದೆ.

ಹರಿದದ್ದು ಬೆರಳುದ್ದ ಇದ್ದರೆ ಒಳಗಿನಿಂದಲೂ ಒಂದು ಪ್ಯಾಚ್ ಬೇಕು. ಜೋಡಣೆಯ ಗೆರೆಯ ಮೇಲೇ ಹರಿದಿದ್ದರೆ ಮೇಲಿಂದ ಪ್ಯಾಚ್ ಹಾಕುವುದು ತಾತ್ಕಾಲಿಕ. ಡ್ರಾಪ್ ಸ್ಟಿಚ್ ನೆಲದಲ್ಲಿ ಚೆಂಡಿನಂತೆ ಒಂದು ಕಡೆ ಉಬ್ಬು ಬಂದರೆ ಒಳಗಿನ ದಾರಗಳು ಹರಿದಿವೆ. ಅದನ್ನು ಯಾರೂ ಸರಿ ಮಾಡಲಾರರು, ಉಬ್ಬು ಬೆಳೆಯುತ್ತಲೇ ಹೋಗುತ್ತದೆ. ನೆಲ ಬದಲಿಸಿ.

ಅಂಟಂಟಾಗಿದೆ, ಬೂಸ್ಟು ಬಂದಿದೆ

ಎರಡೂ ಇಡುವ ರೀತಿಯ ದೋಷ. ಉಪ್ಪುನೀರಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಟ್ಯೂಬು ಮತ್ತು ನೆಲದ ಸಂದಿನ ಮರಳು ತೆಗೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಮಡಚಿ. ಆ ಸಂದಿನಲ್ಲಿ ಉಳಿದ ಮರಳು ಮುಂದಿನ ಪಯಣದಲ್ಲಿ ಟ್ಯೂಬನ್ನೇ ಉಜ್ಜುತ್ತದೆ. ಪ್ರತಿ ಸಲ ಅದೇ ಗೆರೆಯಲ್ಲಿ ಬಿಗಿಯಾಗಿ ಮಡಚಬೇಡಿ, ಸಡಿಲವಾಗಿ ಸುತ್ತಿ. ಇಲಿ ಬಾರದ, ಬಿಸಿಲು ಬೀಳದ ಜಾಗ ಇರಲಿ. ಬಿಸಿಲಿಗೂ ಬಿಸಿಗೂ ವರ್ಷಗಟ್ಟಲೆ ಒಡ್ಡಿದ ಪಿವಿಸಿಯ ಒಳಗಿನ ಮೆದುಕಾರಕ ಮೇಲಕ್ಕೆ ಬಂದು ಮೈ ಅಂಟಂಟಾಗುತ್ತದೆ. ಶುರುವಿನಲ್ಲಿ ಸೋಪಿನ ನೀರಿಗೆ ಹೋಗುತ್ತದೆ, ಮುಂದುವರಿದರೆ ಏನು ಮಾಡಿದರೂ ನಿಲ್ಲದು. ಟೈರು ಮಿಂಚಿಸುವ ಸಿಲಿಕೋನ್ ಪಾಲಿಶ್ ದೋಣಿಗೆ ಹಚ್ಚಬೇಡಿ, ನಾಳೆ ಪ್ಯಾಚ್ ಹಿಡಿಯಬೇಕಲ್ವಾ?

ದೋಣಿ ನೆಟ್ಟಗೆ ಹೋಗುತ್ತಿಲ್ಲ

ಹೊಸ ಪ್ಯಾಡಲ್ (ಕೈಯಲ್ಲಿ ಹಿಡಿದು ಹಾಕುವ ಹುಟ್ಟು) ಕೊಳ್ಳುವ ಮೊದಲು ದೋಣಿಯನ್ನೇ ಮೂರು ಕಡೆ ನೋಡಿ. ಗಾಳಿ ಕಡಿಮೆ ಇದ್ದರೆ ನೀವು ಕೂತ ನಡುಭಾಗ ಕೆಳಗಿಳಿದು ಮೂತಿ ಬಾಲ ಎರಡೂ ಮೇಲೇಳುತ್ತವೆ, ಅಂಥ ದೋಣಿ ಯಾವ ಹುಟ್ಟಿಗೂ ಬಗ್ಗದು. ದೋಣಿಯ ಅಡಿಗೆ ಸಿಕ್ಕಿಸುವ ರೆಕ್ಕೆ (ಫಿನ್) ಹಾಕಿದ್ದೀರಾ? ಮಡಚಿಟ್ಟು ಬಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಿ, ಸಮತಟ್ಟಾದ ಕಡೆ ಭಾರ ಇಟ್ಟು ಆರಲು ಬಿಡಿ. ಮೂರನೆಯದು ಭಾರ. ಸಾಮಾನೆಲ್ಲ ಮುಂದೆ ಇಟ್ಟರೆ ಹಿಂಬದಿ ಹಗುರಾಗಿ ಜಾರುತ್ತದೆ.

ಇವೆಲ್ಲ ಸರಿಯಿದ್ದೂ ಪ್ರತಿ ಹೊಡೆತಕ್ಕೆ ಮೂತಿ ತಿರುಗುತ್ತಿದ್ದರೆ ಹುಟ್ಟಿನ ಉದ್ದ ನೋಡಿ. ಗಾಳಿ ಕಯಾಕ್‌ಗಳು ಅಗಲ, ಪಕ್ಕದ ಟ್ಯೂಬೂ ದಪ್ಪ. ಗಿಡ್ಡ ಪ್ಯಾಡಲ್ ನೀರು ಮುಟ್ಟಬೇಕಾದರೆ ನೀವು ಪ್ರತಿ ಸಲ ಪಕ್ಕಕ್ಕೆ ವಾಲಬೇಕು. ಬೆರಳ ಗಂಟು ಟ್ಯೂಬಿಗೆ ತರಚುತ್ತಿದೆ, ಬ್ಲೇಡ್ (ತುದಿಯ ಅಗಲ ಭಾಗ) ಅರ್ಧ ಮಾತ್ರ ಮುಳುಗುತ್ತಿದೆ ಅಂದರೆ ಪ್ಯಾಡಲ್ ಗಿಡ್ಡ. ತೀರಾ ಉದ್ದವಾದರೆ ಬ್ಲೇಡ್ ದೋಣಿಯಿಂದ ದೂರ ಬೀಳುತ್ತದೆ, ಆಗಲೂ ದೋಣಿ ತಿರುಗುತ್ತದೆ, ಭುಜ ಬೇಗ ಸೋಲುತ್ತದೆ. ಎರಡೂ ತುದಿಗೆ ಬ್ಲೇಡ್ ಇರುವ ಪ್ಯಾಡಲ್ ಆದರೆ, ದೋಣಿ 70 ಸೆಂ.ಮೀವರೆಗೆ ಅಗಲ ಇದ್ದರೆ 220ರಿಂದ 230 ಸೆಂ.ಮೀ, 70ರಿಂದ 80 ಇದ್ದರೆ 230ರಿಂದ 240, ಅದಕ್ಕೂ ಅಗಲವಾದರೆ 240ರಿಂದ 250 ನೋಡಬಹುದು. ನೀವು ಎತ್ತರದವರಾದರೆ, ಸೀಟು ಎತ್ತರದಲ್ಲಿದ್ದರೆ ಉದ್ದದ ಕಡೆಗೆ ಹೋಗಿ. ಉದ್ದ ಹೊಂದಿಸಬಹುದಾದ ಪ್ಯಾಡಲ್ ಸಿಕ್ಕರೆ ಮೊದಲ ಪ್ಯಾಡಲ್ ಆಗಿ ಅದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ.

ರಾಫ್ಟಿನ ಅಂಚಿನಲ್ಲಿ ಕೂತು ಒಂದೇ ಬ್ಲೇಡಿನಿಂದ ಹೊಡೆಯುವವರಿಗೆ ಸಾಮಾನ್ಯವಾಗಿ 140ರಿಂದ 150 ಸೆಂ.ಮೀ ಹೊಂದುತ್ತದೆ. ಬದಿಯ ಕೊಂಡಿಗೆ ಸಿಕ್ಕಿಸಿ ಎಳೆಯುವ ಜೋಡಿ ಹುಟ್ಟಿಗೆ ಒಂದು ಹಳೆಯ ಲೆಕ್ಕ ಇದೆ. ಎರಡು ಕೊಂಡಿಗಳ ನಡುವಿನ ದೂರದ ಅರ್ಧಕ್ಕೆ 5 ಸೆಂ.ಮೀ ಸೇರಿಸಿ, 7ರಿಂದ ಭಾಗಿಸಿ, 25ರಿಂದ ಗುಣಿಸಿ. 120 ಸೆಂ.ಮೀ ದೂರ ಇದ್ದರೆ ಹುಟ್ಟು ಸುಮಾರು 230 ಸೆಂ.ಮೀ. ಪ್ಯಾಕೆಟ್ಟಿನಲ್ಲಿ ಜೊತೆಗೆ ಬರುವ ಹುಟ್ಟುಗಳು ಇದಕ್ಕಿಂತ ಬಹಳ ಗಿಡ್ಡ ಇರುವುದೇ ಜಾಸ್ತಿ. ಎಳೆದಷ್ಟೂ ದೋಣಿ ಮುಂದೆ ಹೋಗದಿದ್ದರೆ ಇದೊಂದು ಕಾರಣ.

ನೀರಿನಲ್ಲಿ ಎಳೆಯುವಾಗ ಬ್ಲೇಡ್ ಗಡಗಡ ನಡುಗುತ್ತಿದ್ದರೆ ಬ್ಲೇಡ್ ಉಲ್ಟಾ ಇದೆಯೇ ನೋಡಿ. ಒಳಗೆ ತಗ್ಗಿರುವ ಮೈ ನಿಮ್ಮ ಕಡೆಗಿರಬೇಕು. ಬ್ಲೇಡಿನ ಎರಡು ಅಂಚುಗಳಲ್ಲಿ ಒಂದು ಉದ್ದ, ಒಂದು ಗಿಡ್ಡ ಇದ್ದರೆ ಉದ್ದದ್ದು ಮೇಲಿರಬೇಕು. ಪ್ಯಾಡಲನ್ನು ತಲೆಯ ಮೇಲಿಟ್ಟು ಎರಡೂ ಮೊಣಕೈ ಲಂಬಕೋನಕ್ಕೆ ಬರುವಂತೆ ಹಿಡಿಯಿರಿ, ಆ ಅಂತರವೇ ನಿಮ್ಮ ಹಿಡಿತ.

ಮಣಿಕಟ್ಟು ನೋವು ಬಂದರೆ ಹಿಡಿತ ಸಡಿಲಿಸಿ, ಎರಡು ಬ್ಲೇಡುಗಳ ನಡುವಿನ ಓರೆಯನ್ನು ಸೊನ್ನೆಗೆ ತನ್ನಿ. ಎದುರುಗಾಳಿ ಜೋರಿರುವಾಗ ಮೇಲಿನ ಬ್ಲೇಡ್ ಗಾಳಿಗೆ ಸಿಗದಿರಲು ಆ ಓರೆ ಉಪಯೋಗಕ್ಕೆ ಬರುತ್ತದೆ, ದಿನವೂ ಬೇಕಿಲ್ಲ. ಭುಜ ಸೋಲುತ್ತಿದ್ದರೆ ತೂಕ ನೋಡಿ. ಅಲ್ಯೂಮಿನಿಯಂ ಪ್ಯಾಡಲ್ ಒಂದು ಕಿಲೋ ದಾಟುತ್ತದೆ, ಫೈಬರ್‌ಗ್ಲಾಸ್ ಸುಮಾರು ಒಂದು ಕಿಲೋ ಆಸುಪಾಸು, ಕಾರ್ಬನ್ ಅದಕ್ಕೂ ಹಗುರ. ಗಂಟೆಗಟ್ಟಲೆ ಎತ್ತಿ ಇಳಿಸುವಾಗ ನೂರು ಗ್ರಾಂ ಕೂಡ ಲೆಕ್ಕಕ್ಕೆ ಬರುತ್ತದೆ. ದುಡ್ಡು ಎಲ್ಲಿ ಹಾಕಲಿ ಅಂತ ಕೇಳಿದರೆ ಸೀಟಿಗಿಂತ, ಬ್ಯಾಗಿಗಿಂತ ಮೊದಲು ಪ್ಯಾಡಲ್ ಅನ್ನುತ್ತೇನೆ. ತೊಡೆಯ ಮೇಲೆ ನೀರು ಸುರಿಯುತ್ತಿದ್ದರೆ ಕೋಲಿನ ರಬ್ಬರ್ ಬಳೆಗಳು ಕೈಯ ಕಡೆ ಜಾರಿರುತ್ತವೆ. ಬ್ಲೇಡಿನ ಬುಡದ ಹತ್ತಿರ, ಆದರೆ ಮುಳುಗದಷ್ಟು ಮೇಲಕ್ಕೆ ತಳ್ಳಿ.

ಕೊನೆಗೆ ಜೋಡಣೆ. ಎರಡು ತುಂಡುಗಳು ಸಿಕ್ಕಿಕೊಂಡು ಬಿಚ್ಚಲು ಬರದಿದ್ದರೆ ಒಳಗೆ ಉಪ್ಪು, ಮರಳು ಕೂತಿದೆ. ಹೊರಗಿನ ತುಂಡಿನ ಮೇಲೆ ಮಾತ್ರ ಬಿಸಿನೀರು ಸುರಿದು, ಇಬ್ಬರು ಎದುರುಬದುರು ಹಿಡಿದು ತಿರುಗಿಸುತ್ತಾ ಎಳೆಯಿರಿ. ಪಕ್ಕಡ್ ಹಾಕಿದರೆ ಕೋಲು ನಜ್ಜುಗುಜ್ಜಾಗುತ್ತದೆ. ಬಿಚ್ಚಿದ ಮೇಲೆ ಎರಡೂ ತುದಿ ತೊಳೆದು ಒರೆಸಿ, ಬೇರೆ ಬೇರೆಯಾಗಿಯೇ ಇಡಿ. ಎಣ್ಣೆ ಸವರಬೇಡಿ. ಸೇರಿಸಿದಾಗ ಟಕಟಕ ಅಲುಗಾಡುತ್ತಿದ್ದರೆ ಗುಂಡಿ ಕೂರುವ ತೂತು ಸವೆದಿದೆ. ದಡದ ಹತ್ತಿರ ಸ್ವಲ್ಪ ದಿನ ನಡೆಯುತ್ತದೆ, ಆದರೆ ಗಾಳಿ ಇರುವ ದಿನ ಆ ಪ್ಯಾಡಲ್ ನಂಬಿಕೊಂಡು ದೂರ ಹೋಗಬೇಡಿ.